ಕತ್ತಿನ ಮೇಲಿನ ಗೆರೆ

ವೆಂಡೆಲ್ ಪೆಕ್‌ಹಮ್ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತಟ್ಟಿದ. ಮೂವತ್ತೊಂದು ವರ್ಷಗಳಲ್ಲಿ ಅವನು ಗುರುವಾರ ಬಿಟ್ಟು ಬೇರೆ ದಿನ ಬಂದದ್ದು ಎರಡೇ ಸಲ. ಒಮ್ಮೆ ಅವನ ಹೆಂಡತಿ ತೀರಿಕೊಂಡಾಗ, ಇನ್ನೊಮ್ಮೆ ಈ ಬೀದಿಯ ತಿರುವಿನಲ್ಲೇ ಅವನ ಕಾರು ಹಿಮದಲ್ಲಿ ಹೂತುಹೋದಾಗ. ಹಾಗಾಗಿ ಅರ್ಮಾಂಡ್ ಲಾಪ್ಲಾಂಟ್ ಕೈಯಲ್ಲಿದ್ದ ಕಾಫಿಯ ಬಟ್ಟಲನ್ನು ಕೆಳಗಿಟ್ಟೇ ಬಾಗಿಲು ತೆಗೆದ.

“ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಅತ್ಲಾಗೆ ಸರಿ, ನಿನ್ನ ಕಿಟಕಿ ಬೇಕು.”

ಕಿಟಕಿ ಎಂದರೆ ಅಡುಗೆಮನೆಯ ಉತ್ತರದ ಕಿಟಕಿ. ತಾಮ್ರದ ನಾಣ್ಯವನ್ನು ನೋಡಲು ಬಿಸಿಲು ಬೀಳದ, ಅಲುಗಾಡದ ಬೆಳಕು ಬೇಕು. ಆ್ಯಟಲ್‌ಬರೊದ ಒಡವೆ ಕಾರ್ಖಾನೆಗಳು, ರಿಪೇರಿ ಅಂಗಡಿಗಳೆಲ್ಲ ಉತ್ತರಕ್ಕೇ ಕಿಟಕಿ ಇಟ್ಟು ಕಟ್ಟಿದವು. ಆ ಅಂಗಡಿಗಳಲ್ಲಿ ನಲವತ್ತನಾಲ್ಕು ವರ್ಷ ಕೆಲಸ ಮಾಡಿದ ಅರ್ಮಾಂಡ್ ತನ್ನ ಮನೆಯನ್ನು ಕೊಂಡದ್ದೂ ಆ ಕಿಟಕಿ ನೋಡಿಯೇ. ಅವನ ಹೆಂಡತಿ ಇವೊನ್ ಈಗಲೂ ಅದನ್ನು ಆಡಿಕೊಳ್ಳುತ್ತಾಳೆ.

ವೆಂಡೆಲ್ ಕೋಟನ್ನೂ ಕಳಚಲಿಲ್ಲ. ಅಂಗಿಯ ಜೇಬಿನಿಂದ ಪುಟ್ಟ ಲಕೋಟೆಯನ್ನು ತೆಗೆದು, ಮಡಿಸಿಟ್ಟ ಟವಲಿನ ಮೇಲೆ ಒಂದು ನಾಣ್ಯವನ್ನು ಜಾರಿಸಿದ. 1798ರ ದೊಡ್ಡ ಸೆಂಟ್, ಅಮೆರಿಕದ ಹಳೆಯ ತಾಮ್ರದ ಕಾಸು. ಈಗಿನ ಅರ್ಧ ಡಾಲರಿಗಿಂತ ಚೂರೇ ಚಿಕ್ಕದು, ಹುರಿದ ಕಾಫಿಬೀಜದ ಬಣ್ಣ. ಕೂದಲು ಇಳಿಬಿಟ್ಟ ಸ್ವಾತಂತ್ರ್ಯದೇವಿ ಲಿಬರ್ಟಿ ಬಲಕ್ಕೆ ಮುಖ ಮಾಡಿದ್ದಳು, ಅಂಚಿನ ಸುತ್ತ ಹಲ್ಲಿನಂಥ ಸಣ್ಣ ಉಬ್ಬುಗಳು.

“ಯಾವುದು ಹೇಳು.”

ಇದು ಅವರಿಬ್ಬರ ಹಳೆಯ ಆಟ. ಆಗಿನ ಟಂಕಸಾಲೆಯಲ್ಲಿ ಪ್ರತಿ ಅಚ್ಚಿನ ಮೇಲೂ ಅಕ್ಷರ, ಅಂಕಿ, ಎಲೆ, ಹಣ್ಣುಗಳನ್ನು ಕೈಯಿಂದ ಒಂದೊಂದಾಗಿ ಹೊಡೆಯುತ್ತಿದ್ದರು. ಹಾಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಒಂದರಲ್ಲಿ ಅಂಕಿ ಎದೆಯ ಬಟ್ಟೆಗೆ ತಾಗಿರುತ್ತದೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ದೂರ ನಿಂತಿರುತ್ತದೆ. ಮುಂಬದಿಯ ಅಚ್ಚೊಂದು, ಹಿಂಬದಿಯ ಅಚ್ಚೊಂದು ಜೋಡಿಯಾದರೆ ಒಂದು ಬಗೆ. ಒಂದು ಒಡೆದರೆ ಮತ್ತೊಂದನ್ನು ಹಾಕುತ್ತಿದ್ದರು, ಆಗ ಇನ್ನೊಂದು ಬಗೆ. ನಾಣ್ಯವನ್ನು ಕೈಗೆ ಕೊಟ್ಟರೆ ಹೆಸರು ಚೀಟಿ ನೋಡದೆ ಬಗೆಯನ್ನು ಹೇಳಬೇಕು. ಅದಕ್ಕೇ ಕಣ್ಣು ಸವೆಸಿಕೊಂಡವರು ಈ ಇಬ್ಬರು.

ಅರ್ಮಾಂಡ್ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡ. “ಎಂಟು ಬಟ್ಟೆಗೆ ತಾಗಿದೆ. ‘ಆರ್’ ಅಕ್ಷರದ ಕಾಲು ಮುರಿದಿದೆ. ನಮ್ಮ ಕತ್ತುಗೆರೆಯವಳೇ ಅಲ್ವಾ?”

“ಹೌದು.”

“ಗೆರೆ ಎಲ್ಲಿ?”

“ಅದೇ ಮಾರಾಯ! ಗೆರೆ ಎಲ್ಲಿ?” ವೆಂಡೆಲ್ ಕುರ್ಚಿಯ ಮೇಲೆ ಕುಸಿದು ಕೂತ. “ಈಗ ತಿರುಗಿಸಿ ನೋಡು.”

ಅರ್ಮಾಂಡ್ ತಿರುಗಿಸಿದ. ಎಲೆಮಾಲೆಯ ತುದಿಯ ಎಲೆ ‘ಸ್ಟೇಟ್ಸ್’ ಪದದ ಕೊನೆಯ ಅಕ್ಷರವನ್ನೂ ದಾಟಿ ಹೊರಕ್ಕೆ ಚಾಚಿತ್ತು. ಈ ಮುಂಬದಿಗೆ ಜೋಡಿಯಾದ ಎರಡು ಹಿಂಬದಿಗಳಲ್ಲಿ ‘ಬಿ’ ಎನ್ನುವುದು. ಅದೂ ನಿನ್ನೆ ಕೆತ್ತಿದಂತೆ ಚೂಪಾಗಿತ್ತು.

ಅವನು ಮಸೂರ ತೆಗೆದು ಗೆಳೆಯನ ಮುಖ ನೋಡಿದ. ಎಪ್ಪತ್ತನಾಲ್ಕರ ವೆಂಡೆಲ್ ಹಬ್ಬದ ಬಟ್ಟೆ ಹಾಕಿಸಿಕೊಂಡ ಮಗುವಿನ ಹಾಗೆ ಕೂತಿದ್ದ.

ಈ ಮುಂಬದಿಯ ಅಚ್ಚು ಬಿರಿದದ್ದು ಎಲ್ಲರಿಗೂ ಗೊತ್ತಿತ್ತು. ಅಚ್ಚು ಬಿರಿದರೆ ಆ ಬಿರುಕಿನೊಳಗೆ ತಾಮ್ರ ನುಗ್ಗಿ, ನಾಣ್ಯದ ಮೇಲೆ ಉಬ್ಬಿದ ಗೆರೆಯೊಂದು ಮೂಡುತ್ತದೆ. ಇವಳಿಗೆ ಆ ಗೆರೆ ಬಲ ಅಂಚಿನಿಂದ ಹೊರಟು ನೇರ ಕತ್ತಿನ ಮೇಲೆ ಹಾಯುತ್ತಿತ್ತು. ‘ಎ’ ಹಿಂಬದಿಯ ನಾಣ್ಯಗಳಲ್ಲಿ ಕತ್ತನ್ನು ದಾಟಿ ಕೂದಲಿನವರೆಗೆ. ‘ಬಿ’ ಹಿಂಬದಿಯ ನಾಣ್ಯಗಳಲ್ಲಿ ಎಡ ಅಂಚಿನವರೆಗೆ. ಬಿರುಕು ಬೆಳೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ‘ಎ’, ಆಮೇಲೆ ‘ಬಿ’ ಎಂದು ಎಲ್ಲರೂ ನಂಬುವ ಪುಸ್ತಕ ಹೇಳುತ್ತದೆ.

ವೆಂಡೆಲ್ ಮಾತ್ರ ಒಪ್ಪಿರಲಿಲ್ಲ. ಸಿಕ್ಕ ‘ಬಿ’ ನಾಣ್ಯಗಳಲ್ಲೆಲ್ಲ ಹಿಂಬದಿಯ ಅಚ್ಚು ಆಗಲೇ ಸವೆದಿದೆ, ಹೊಸ ಅಚ್ಚಾದರೆ ಸವೆದದ್ದು ಹೇಗೆ, ಅದು ಮೊದಲೇ ಸ್ವಲ್ಪ ದಿನ ದುಡಿದು ಬದಿಗೆ ಸೇರಿ, ಆಮೇಲೆ ಮತ್ತೆ ಬಂದಿರಬೇಕು ಎಂಬುದು ಅವನ ವಾದ. 1971ರಿಂದ ಅದನ್ನೇ ಹೇಳುತ್ತಿದ್ದ. ನಾಣ್ಯ ಸಂಗ್ರಾಹಕರ ಸಭೆಯಲ್ಲಿ ಎದ್ದು ನಿಂತರೆ ಹಿಂದಿನ ಸಾಲಿನವರು ಕಾಫಿಗೆ ಏಳುತ್ತಿದ್ದರು. ಗೆರೆಯೇ ಇಲ್ಲದ, ಸವೆಯದ ಈ ‘ಬಿ’ ಅವನ ವಾದಕ್ಕೆ ಸಿಕ್ಕ ಮೊದಲ ಸಾಕ್ಷಿ.

“ವೆಸ್ಟರ್ಲಿಯಲ್ಲಿ ಒಂದು ಮನೆ ಸಾಮಾನು ಹರಾಜು ಹಾಕ್ತಿದ್ರು,” ಎಂದ ವೆಂಡೆಲ್. “ಗುಂಡಿ ಡಬ್ಬಿ ಒಳಗಿತ್ತು. ಬಿಳಿ ಸ್ಯಾಟಿನ್ ಚೂರಲ್ಲಿ ಸುತ್ತಿ ಇಟ್ಟಿದ್ರು. ಎರಡು ವಾರ ಯಾರಿಗೂ ಹೇಳ್ದೆ ಹೊಟ್ಟೇಲಿ ಇಟ್ಕೊಂಡಿದೀನಿ. ಶನಿವಾರ ವೂಸ್ಟರ್ ಸಭೇಲಿ ಮಾತಾಡೋನು ನಾನೇ. ಪುಸ್ತಕದ ಹೊಸ ಆವೃತ್ತಿ ತಿದ್ದೋರೂ ಬರ್ತಾರೆ.”

“ನನ್ನಿಂದ ಏನಾಗ್ಬೇಕು?”

“ಎರಡು ಸಾಲು. ‘ಮೈ ಅಸಲಿ, ಯಾರೂ ಕೆರೆದಿಲ್ಲ’ ಅಂತ ಬರೆದು ಸಹಿ ಹಾಕು. ನಾನು ಹೇಳಿದ್ರೆ ಮುದುಕನಿಗೆ ಹುಚ್ಚು ಅಂತಾರೆ. ನೀನು ಹೇಳಿದ್ರೆ ಬಾಯಿ ಮುಚ್ಕೋತಾರೆ.”

ಅದು ನಿಜ. ಕೆರೆದ, ಉಜ್ಜಿದ, ಬಣ್ಣ ಕಟ್ಟಿದ ತಾಮ್ರವನ್ನು ಹಿಡಿಯುವುದರಲ್ಲಿ ಆ ಬಳಗದಲ್ಲಿ ಅರ್ಮಾಂಡನ ಕಣ್ಣಿಗೆ ಸಮನಾದದ್ದು ಇರಲಿಲ್ಲ. ಒಡವೆ ಅಂಗಡಿಯವನು, ಗೊತ್ತಿರದೆ ಇರುತ್ತದೆಯೇ ಎನ್ನುತ್ತಿದ್ದರು. ಹಿಂದೆಲ್ಲ ಅಂಗಡಿಗಳಲ್ಲಿ ಹಳೆ ನಾಣ್ಯಗಳನ್ನು ‘ಚೆಂದ’ ಮಾಡಿಕೊಡುತ್ತಿದ್ದರಂತೆ, ನೀವೂ ಮಾಡಿದ್ದೀರಾ ಎಂದು 1966ರಲ್ಲಿ ಯಾರೋ ಕೇಳಿದ್ದರು. “ಅಂಗಡೀಲಿ ಬೇರೆಯವ್ರು ಮಾಡ್ತಿದ್ರು. ನಾನು ಸರ ಬೆಸೀತಿದ್ದೆ,” ಎಂದಿದ್ದ ಅರ್ಮಾಂಡ್. ಒಮ್ಮೆ ಹೇಳಿದ್ದು ಹಾಗೇ ಉಳಿದುಹೋಯಿತು.

“ಬಿಟ್ಟು ಹೋಗು. ಗುರುವಾರದೊಳಗೆ ನೋಡಿಡ್ತೀನಿ,” ಎಂದ.

ವೆಂಡೆಲ್ ಬಾಗಿಲಲ್ಲಿ ನಿಂತು, “ಪೋರ್ಕ್ ಪೈ ಮಾಡಕ್ಕೆ ಹೇಳು ಇವೊನ್‌ಗೆ. ಗುರುವಾರ ಗೆದ್ದೋನ ಊಟ ಮಾಡೋಣ,” ಎಂದು ಹೊರಟ.

ಬುಧವಾರ ಮೋಡ ಕವಿದಿತ್ತು. ತಾಮ್ರ ನೋಡಲು ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ಅರ್ಮಾಂಡ್ ನಾಣ್ಯದ ಅಂಚುಗಳನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕು ಅದರ ಮೈಮೇಲೆ ಓರೆಯಾಗಿ ಹರಿಯುವಂತೆ ನಿಧಾನವಾಗಿ ವಾಲಿಸಿದ. ಮುಖ, ಕೂದಲು, ದಿನಾಂಕದ ಸುತ್ತ ಏನೂ ಇಲ್ಲ. ಕತ್ತಿನ ಮುಂದಿನ ಬಯಲಿಗೆ ಬಂದ. ಅಲ್ಲೂ ಏನಿಲ್ಲ. ಇನ್ನೊಂದು ಚೂರು ವಾಲಿಸಿದ.

ಒಂದು ಕ್ಷಣ ಅಲ್ಲಿ ಏನೋ ಕಂಡಿತು. ಕೂದಲಿಗಿಂತ ಸಣ್ಣ, ಒತ್ತೊತ್ತಾದ ಗೆರೆಗಳು, ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಎಲ್ಲವೂ ಒಂದೇ ಕಡೆಗೆ ಮಲಗಿದ್ದವು. ಬೆಳಕು ಜಾರಿತು, ಮಾಯವಾದವು.

ಯಾರೋ ಉಜ್ಜಿದ್ದಾರೆ. ಸೊಗಸಾಗಿ ಉಜ್ಜಿದ್ದಾರೆ. ಕಸುಬಿನವನಿಗೆ ಕಸುಬಿನವನ ಮೇಲೆ ಹುಟ್ಟುವ ಮೆಚ್ಚುಗೆಯಿಂದ ಅವನು ಮತ್ತೆ ನಾಣ್ಯವನ್ನು ವಾಲಿಸಿದ. ಗೆರೆಗಳು ಮಲಗಿದ ದಿಕ್ಕು ಸರಿಯಿರಲಿಲ್ಲ. ಎಲ್ಲರೂ ಬಲಗೈಯಲ್ಲಿ ಎಳೆಯುತ್ತಾರೆ, ಗೆರೆ ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ವಾಲುತ್ತದೆ. ಇವು ತಿರುಗುಮುರುಗಾಗಿದ್ದವು.

“ನಿನ್ನ ಗೆರೆ ಬೈತಲೆ ತಪ್ಪಿ ಬಾಚಿದ ತಲೆ ಹಾಗಿರುತ್ತೆ ಕಣೋ.”

ನೈಬರ್ಗ್ ಅವನಿಗೆ ಹೇಳುತ್ತಿದ್ದ ಮಾತು. ಅರ್ಮಾಂಡ್ ಹಿಂದೆ ದುಡಿದ ಅಂಗಡಿಯ ಯಜಮಾನ ಆಸ್ಕರ್ ನೈಬರ್ಗ್. ಆ ಅಂಗಡಿಯಲ್ಲಿ ಎಡಗೈಯವನು ಒಬ್ಬನೇ ಇದ್ದ.

ಅರ್ಮಾಂಡ್ ನಾಣ್ಯವನ್ನು ಟವಲಿನ ಮೇಲಿಟ್ಟ. ಬಿಳಿ ಸ್ಯಾಟಿನ್ ಚೂರು ಎಂದು ವೆಂಡೆಲ್ ಹೇಳಿದ್ದು ಈಗ ನೆನಪಾಯಿತು.

1949ರ ಜೂನ್. ಅವನಿಗೆ ಇಪ್ಪತ್ತೆರಡು. ನೈಬರ್ಗನ ಅಂಗಡಿ ರೈಲ್ವೆ ನಿಲ್ದಾಣದ ಹಿಂದೆ, ಎರಡನೆಯ ಮಹಡಿಯಲ್ಲಿತ್ತು. ಉದ್ದಕ್ಕೆ ನಾಲ್ಕು ಮೇಜು, ಪ್ರತಿ ಮೇಜಿಗೂ ಅರ್ಧಚಂದ್ರದ ಹಾಗೆ ಕೊರೆದ ಜಾಗ, ಅದರ ಕೆಳಗೆ ತೊಡೆಗೆ ತಾಗುವಂತೆ ತೂಗುಬಿಟ್ಟ ಚರ್ಮ. ಬಿದ್ದ ಚಿನ್ನದ ಪುಡಿಯೆಲ್ಲ ಆ ಚರ್ಮಕ್ಕೆ. ಗ್ಯಾಸಿನ ವಾಸನೆ, ಗಂಧಕದ ವಾಸನೆ, ನೈಬರ್ಗನ ಪೈಪಿನ ವಾಸನೆ. ಬೋಸ್ಟನ್ ರೈಲು ಹೋದಾಗಲೆಲ್ಲ ಎಲ್ಲರೂ ಉಳಿಯನ್ನು ಎತ್ತಿ ಹಿಡಿದು ಕಾಯಬೇಕಿತ್ತು, ನೆಲ ನಡುಗುತ್ತಿತ್ತು. ದಿನಕ್ಕೆ ಹದಿನಾಲ್ಕು ರೈಲು. ಆ ಹದಿನಾಲ್ಕು ವಿರಾಮಗಳಲ್ಲಿ ಅವರು ಬೇಸ್‌ಬಾಲ್ ಮಾತಾಡಿದ್ದು, ಜಗಳವಾಡಿದ್ದು, ಬ್ರಾಸಾ ಎಂಬ ಪೋರ್ಚುಗೀಸನಿಂದ ಬೈಗುಳ ಕಲಿತದ್ದು. ಕೈಗಳು ಮೇಲೆತ್ತಿದ್ದಂತೆಯೇ ಇರುತ್ತಿದ್ದವು. ಹೊರಗಿನವರು ನೋಡಿದರೆ ಅಂಗಡಿಗೆ ದರೋಡೆಕೋರ ನುಗ್ಗಿದ್ದಾನೆ ಅಂದುಕೊಳ್ಳಬೇಕು.

ಮಿಸೆಸ್ ಕ್ರ್ಯಾಂಡಲ್ ಬಂದದ್ದು ಅಂಥ ಒಂದು ವಿರಾಮದಲ್ಲಿ. ಕಪ್ಪು ಟೋಪಿ, ಕಪ್ಪು ಕೈಚೀಲ. ಅವಳು ರೈಲಿನ ಸದ್ದು ನಿಲ್ಲುವವರೆಗೆ ಕಾದು, ಬಾಗಿಲ ಪಕ್ಕದ ಮೇಜಿನವನ ಮುಂದೆ ನಾಣ್ಯವನ್ನಿಟ್ಟಳು. ಆ ಮೇಜು ಅರ್ಮಾಂಡನದು.

“ನನ್ನ ಮೊಮ್ಮಗಳ ಮದುವೆ, ಶನಿವಾರ. ಅದೃಷ್ಟಕ್ಕೆ ಅಂತ ಮದುಮಗಳ ಬೂಟಿನಲ್ಲಿ ಇಡೋದಕ್ಕೆ ನಮ್ಮ ಮನೇಲಿ ಈ ಕಾಸೇ ಆಗಬೇಕು. ನಾನೂ ಇದನ್ನೇ ಇಟ್ಕೊಂಡು ನಡೆದವಳು, ನಮ್ಮಮ್ಮನೂ ಅಷ್ಟೇ.”

“ತೊಳೆದು ಕೊಡ್ಲಾ ಅಮ್ಮಾ?”

“ತೊಳೆಯೋದಲ್ಲಪ್ಪ. ನೋಡು, ಕತ್ತು ಕೊಯ್ದಿದಾರೆ ಇವಳದ್ದು.” ಕೈಗವಸಿನ ಬೆರಳು ತೋರಿಸಿತು. ಅಂಚಿನಿಂದ ಲಿಬರ್ಟಿಯ ಗಂಟಲಿನವರೆಗೆ ಉಬ್ಬಿದ ಗೆರೆ. “ನನ್ನ ಮದುವೇಲಿ ಯಾರೂ ನೋಡ್ಲಿಲ್ಲ. ಎಂಟು ವರ್ಷಕ್ಕೆ ಗಂಡ ಹೋದ. ಇದರಿಂದ ಅಂತ ಹೇಳಲ್ಲ. ಆದ್ರೆ ಆ ಮಗು ಕಾಲಡಿಗೆ ಇದನ್ನ ಹೀಗೇ ಇಡಕ್ಕೆ ನನ್ನ ಕೈಲಾಗಲ್ಲ.”

ನೈಬರ್ಗ್ ಬಂದು ನೋಡಿದ. “ಮಧ್ಯಾಹ್ನ ಬನ್ನಿ ಮೇಡಂ,” ಎಂದ. ಅವಳು ಹೋದ ಮೇಲೆ ಅರ್ಮಾಂಡನ ಕಡೆ ತಿರುಗಿ, “ಉಬ್ಬು ಅಷ್ಟೇ ತೆಗೀಬೇಕು. ಸುತ್ತ ಹಳ್ಳ ಬಿದ್ರೆ ನಿನ್ನ ಕತ್ತಿನ ಮೇಲೆ ಗೆರೆ ಎಳೀತೀನಿ. ಅಂಚಿನ ಹಲ್ಲಿನ ಹತ್ರ ನಿಲ್ಲಿಸು, ಒಳಗೆ ಕೈ ಹಾಕ್ಬೇಡ, ಹಲ್ಲು ಮುರೀತೀಯ,” ಎಂದ.

ಮೂರು ಗಂಟೆ ಹಿಡಿಯಿತು. ಉಳಿಯಿಂದ ಗೆರೆಯನ್ನು ಸಿಪ್ಪೆ ತೆಗೆದಂತೆ ತೆಗೆದು, ಒಪ್ಪ ಹಾಕುವ ಉಕ್ಕಿನ ಕಡ್ಡಿಯಿಂದ ಉಜ್ಜಿ, ಗಂಧಕದ ನೀರು ಮುಟ್ಟಿಸಿ, ಎಣ್ಣೆ ಹಚ್ಚಿ, ಕುಂಚದಿಂದ ಬಣ್ಣ ಕೂಡಿಸಿದ. ನಾಲ್ಕು ರೈಲು ಹೋದವು. ಮುಗಿದಾಗ ನೈಬರ್ಗ್ ಮಸೂರ ಹಾಕಿ ಕಿಟಕಿಯ ಹತ್ತಿರ ನಿಂತ. ಬಹಳ ಹೊತ್ತು ನಿಂತ. ಪೈಪ್ ಆರಿಹೋಯಿತು.

“ಎಲ್ಲಿತ್ತೋ ಅದು?” ಎಂದ ಕೊನೆಗೆ.

ಯಾರನ್ನೂ ಹೊಗಳದ ಆ ಸ್ವೀಡನ್ನಿನವನಿಂದ ಬಂದ ಹೊಗಳಿಕೆ ಅದೊಂದೇ. ಮಿಸೆಸ್ ಕ್ರ್ಯಾಂಡಲ್ ನಾಣ್ಯವನ್ನು ಕೈಗವಸು ಬಿಚ್ಚಿ, ಬರಿಗೈಯಲ್ಲಿ ತೆಗೆದುಕೊಂಡಳು. ಮರುದಿನ ಅರ್ಮಾಂಡನ ಮೇಜಿನ ಮೇಲೆ ನೈಬರ್ಗನ ಸ್ವಂತ ಒಪ್ಪದ ಕಡ್ಡಿ ಇತ್ತು. ಬ್ರಾಸಾ, “ಏನು ಮಾರಾಯ, ಯಜಮಾನ ಮಗಳನ್ನೂ ಕೊಡ್ತಾನಾ?” ಎಂದಿದ್ದ.

ಆ ಕಡ್ಡಿ ಈಗಲೂ ಅಡುಗೆಮನೆಯ ಖಾನೆಯಲ್ಲಿದೆ. ಹಿಡಿಯ ಮರ ಕೈಯ ಎಣ್ಣೆ ಕುಡಿದು ಕಪ್ಪಾಗಿದೆ.

ಅರ್ಮಾಂಡ್ ಎದ್ದು ಅದನ್ನು ತೆಗೆದು ನಾಣ್ಯದ ಪಕ್ಕದಲ್ಲಿಟ್ಟ. ಅಂಗಡಿ ಸುಟ್ಟುಹೋಗಿ ಮೂವತ್ತು ವರ್ಷ. ನೈಬರ್ಗ್ ಇಲ್ಲ, ಬ್ರಾಸಾ ಇಲ್ಲ. ಹದಿನಾಲ್ಕು ರೈಲಿನ ಜಾಗದಲ್ಲಿ ಬೇರೆ ಲೆಕ್ಕದ ರೈಲುಗಳು ಬಂದಿವೆ. ಆ ಬೆಳಗಿನ ಗುರುತಾಗಿ ಲೋಕದಲ್ಲಿ ಉಳಿದದ್ದು ಇವೆರಡೇ, ಅದರಲ್ಲೊಂದು ಗೆಳೆಯನ ಇಪ್ಪತ್ತೈದು ವರ್ಷದ ಮಾತನ್ನು ಮುಗಿಸಿಬಿಡುವಂಥದು.

ಇವೊನ್ ಮಾರುಕಟ್ಟೆಯಿಂದ ಬಂದು ಚೀಲ ಇಳಿಸಿದಳು. “ಅದೇನು, ಹಳೇ ಕಡ್ಡಿ ಹೊರಗೆ ಬಂದಿದೆ?”

ಅವನು ಹೇಳಿದ. ಅವಳು ಕೇಳುತ್ತಲೇ ಈರುಳ್ಳಿ ಸುಲಿದಳು.

“ಬರೆದುಕೊಟ್ರೆ ಯಾರಾದ್ರೂ ಕಂಡುಹಿಡೀತಾರಾ?” ಎಂದಳು.

“ಇಲ್ಲ. ನಾನೇ ಮೂರನೇ ಸಲಕ್ಕೆ ಕಂಡಿದ್ದು.”

“ಹಾಗಾದ್ರೆ ಬರೆದುಕೊಡು.”

ಅವನು ತಲೆಯೆತ್ತಿ ನೋಡಿದ. ಇವೊನ್ ನಗುತ್ತಿರಲಿಲ್ಲ.

“ಕೊಡಲ್ಲ ನೀನು. ಅದಕ್ಕೇ ಹೇಳ್ದೆ,” ಎಂದಳು. “ಪೈ ಮಾಡ್ಲಾ ಬೇಡ್ವಾ, ಅಷ್ಟು ಹೇಳು.”

“ಮಾಡು. ತಿಂತಾನೋ ಮುಖಕ್ಕೆ ಎಸೀತಾನೋ ನೋಡೋಣ.”

ಗುರುವಾರ ವೆಂಡೆಲ್ ಎಂದಿನಂತೆ ಹತ್ತಕ್ಕೆ ಬಂದ. ಕಂಕುಳಲ್ಲಿ ಸುತ್ತಿದ ಹಾಳೆ. ಅವನು ಭೂಮಾಪಕನಾಗಿದ್ದವನು, ಹೊಲ, ಗೋಡೆ, ಹಳ್ಳಗಳನ್ನು ಅಳೆದ ಕೈಯಲ್ಲೇ ನಾಣ್ಯಗಳ ನಕ್ಷೆಯನ್ನೂ ಬರೆಯುತ್ತಿದ್ದ. ಶನಿವಾರಕ್ಕೆಂದು ಮುಂಬದಿಯನ್ನು ತಟ್ಟೆಯಗಲಕ್ಕೆ ದೊಡ್ಡದು ಮಾಡಿ ಬರೆದಿದ್ದ. ಕತ್ತಿನ ಮುಂದಿನ ಬಯಲು ಬಿಳಿಯಾಗಿತ್ತು.

“ಎಲ್ಲಿ ನನ್ನ ಎರಡು ಸಾಲು?”

“ಕೂತ್ಕೋ.”

“ನಿಂತೇ ಓದ್ತೀನಿ ಕೊಡು.”

“ಕೂತ್ಕೋ ವೆಂಡೆಲ್. ಆ ನಾಣ್ಯದ ಕತ್ತಿನ ಹತ್ರ ಗೆರೆ ಇತ್ತು. ತೆಗೆದಿದಾರೆ.”

ವೆಂಡೆಲನ ಮುಖದಲ್ಲಿ ಏನೂ ಬದಲಾಗಲಿಲ್ಲ. “ನಿನ್ನ ಕಣ್ಣಿಗೆ ವಯಸ್ಸಾಯ್ತು.”

“ನನ್ನ ಕಣ್ಣು ಬಿಡು. ತೆಗೆದೋನು ನಾನೇ.”

ಇವೊನ್ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು, ತಿರುಗಲಿಲ್ಲ. ಅರ್ಮಾಂಡ್ ಮೊದಲಿನಿಂದ ಕೊನೆಯವರೆಗೆ ಹೇಳಿದ. ಜೂನ್, ಕಪ್ಪು ಟೋಪಿ, ಮದುಮಗಳ ಬೂಟು, ಎಡಗೈಯ ಗೆರೆಗಳು. ಉಕ್ಕಿನ ಕಡ್ಡಿಯನ್ನು ಮೇಜಿನ ಮೇಲೆ ತಳ್ಳಿದ. ವೆಂಡೆಲ್ ಅದನ್ನು ಮುಟ್ಟಲಿಲ್ಲ.

“ಸರ ಬೆಸೀತಿದ್ದೆ ಅಂದಿದ್ಯಲ್ಲ?”

“ಅಂದಿದ್ದೆ.”

“ಮೂವತ್ತು ವರ್ಷ ನನ್ನ ಎದುರು ಕೂತು, ಇದು ಕೆರೆದದ್ದು, ಅದು ಉಜ್ಜಿದ್ದು ಅಂತ ಊರವರ ನಾಣ್ಯಕ್ಕೆಲ್ಲ ಉಗೀತಿದ್ಯಲ್ಲ?”

“ಹೌದು.”

“ಇಂಥವು ಎಷ್ಟು ಮಾಡಿದೀಯ?”

“ನೂರಾದ್ರೂ ಆಗಿರ್ಬೇಕು. ಆಗ ಅದು ತಪ್ಪು ಅಂತ ಯಾರಿಗೂ ಗೊತ್ತಿರ್ಲಿಲ್ಲ ಕಣೋ. ಚೆಂದ ಮಾಡೋದು ಅಂತಿದ್ರು.”

“ಪಾದ್ರಿ ಹತ್ರ ಹೇಳ್ಕೊಂಡಿದ್ಯಾ ಇದನ್ನ?”

“ಪಾಪ ಅಂತ ಗೊತ್ತಿದ್ರೆ ತಾನೆ ಹೇಳ್ಕೊಳೋದು?”

ವೆಂಡೆಲ್ ನಗಲಿಲ್ಲ. ಎದ್ದ. ನಾಣ್ಯವನ್ನು ಲಕೋಟೆಗೆ ಹಾಕಿ ಜೇಬಿಗಿಳಿಸಿದ. ಕೋಟು ಹಾಕಿಕೊಂಡ. ಹಾಳೆಯನ್ನು ಸುತ್ತತೊಡಗಿದ. ಸುತ್ತುತ್ತಿದ್ದ ಕೈ ಅರ್ಧಕ್ಕೆ ನಿಂತಿತು. ಅವನು ಬೇರೆಯದೇ ದನಿಯಲ್ಲಿ ಕೇಳಿದ:

“ಅವಳು ಬೆರಳಿಟ್ಟು ತೋರಿಸಿದ್ದು ಎಲ್ಲಿಂದ ಎಲ್ಲೀವರೆಗೆ?”

“ಅಂಚಿಂದ ಗಂಟಲವರೆಗೆ.”

“ಗಂಟಲು ದಾಟಿತ್ತಾ? ಕೂದಲ ಕಡೆ?”

“ಇಲ್ಲ.”

“ಯೋಚನೆ ಮಾಡಿ ಹೇಳು. ಮರೆತಿದ್ರೆ ಮರ್ತಿದೀನಿ ಅನ್ನು.”

“ಮರೆತಿಲ್ಲ. ಗಂಟಲ ಒಳಗೆ ಉಳಿ ಇಟ್ಟಿದ್ರೆ ಕತ್ತಿನ ದುಂಡು ಹಾಳಾಗ್ತಿತ್ತು, ಅದೇ ಭಯ ಇತ್ತು ನಂಗೆ. ಅಲ್ಲೀವರೆಗೆ ಬಂದಿರ್ಲಿಲ್ಲ, ಬದುಕಿದೆ ಅಂದ್ಕೊಂಡೆ.”

ವೆಂಡೆಲ್ ಕೋಟು ಹಾಕಿಕೊಂಡೇ ಕೂತ. ನಾಣ್ಯವನ್ನು ಮತ್ತೆ ಹೊರಗೆ ತೆಗೆದ. “ಹಾಗಾದ್ರೆ ಗಂಟಲಿಂದ ಆಚೆ ಇರೋದು ಅಸಲಿ ಮೈ. ನೀನು ಮುಟ್ಟಿಲ್ಲ.”

“ಮುಟ್ಟಿಲ್ಲ.”

“ಅಲ್ಲಿ ಗೆರೆ ಇಲ್ಲ.”

“ಇಲ್ಲ.”

“ಸಿಕ್ಕಿರೋ ‘ಎ’ ನಾಣ್ಯದಲ್ಲೆಲ್ಲ ಗೆರೆ ಕೂದಲು ಮುಟ್ಟಿದೆ. ಇದ್ರಲ್ಲಿ ಗಂಟಲಿಗೇ ನಿಂತಿದೆ.” ಅವನು ಮೇಜು ಗುದ್ದಿದ, ತಟ್ಟೆಗಳು ಕುಣಿದವು. “ಬಿರುಕು ಇರ್ಲಿ ಬಿಡು ಮಾರಾಯ! ಚಿಕ್ಕ ಬಿರುಕು! ಅಂದ್ರೆ ‘ಬಿ’ನೇ ಮೊದ್ಲು!”

ಅರ್ಮಾಂಡನಿಗೆ ಇದು ಹೊಳೆದಿರಲಿಲ್ಲ. ಒಂದು ದಿನ ಒಂದು ರಾತ್ರಿ ತಾನು ಮಾಡಿದ್ದನ್ನಷ್ಟೇ ನೋಡುತ್ತ ಕೂತಿದ್ದವನು, ಮಾಡದೆ ಬಿಟ್ಟ ಜಾಗವನ್ನು ನೋಡಿರಲಿಲ್ಲ.

“ಆದ್ರೆ ಸಾಕ್ಷಿ ಎಲ್ಲಿ?” ಎಂದ. “ಗೆರೆ ನಾನು ತಿಂದು ಹಾಕಿದೀನಿ.”

“ಎಲ್ಲಾ ತಿಂದ್ಯಾ?”

‘ಅಂಚಿನ ಹಲ್ಲಿನ ಹತ್ರ ನಿಲ್ಲಿಸು’ ಎಂದಿದ್ದ ನೈಬರ್ಗ್. ಅರ್ಮಾಂಡ್ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಲ ಅಂಚನ್ನು ಬೆಳಕಿಗೆ ತಂದ. ಹಲ್ಲುಗಳ ಸಾಲು. ಲಿಬರ್ಟಿಯ ಗದ್ದದ ನೇರಕ್ಕೆ, ಎರಡು ಹಲ್ಲುಗಳ ನಡುವಿನ ಕಣಿವೆಯಲ್ಲಿ, ನಲವತ್ತೇಳು ವರ್ಷದ ಕೊಳೆಯ ಕೆಳಗೆ ಏನೋ ಇತ್ತು. ಕುಂಚಕ್ಕೆ ಒಂದು ಹನಿ ಎಣ್ಣೆ ಮುಟ್ಟಿಸಿ ಉಜ್ಜಿದ. ಅರ್ಧ ಎಳ್ಳಿನಷ್ಟು ಉಬ್ಬು ಗೆರೆ ಎದ್ದು ಕಂಡಿತು. ಬಿರುಕಿನ ಬಾಲ.

“ನೋಡು,” ಎಂದು ನಾಣ್ಯವನ್ನೂ ಮಸೂರವನ್ನೂ ಕೊಟ್ಟ.

ವೆಂಡೆಲ್ ನೋಡಿದ. “ಶುರು ಸಿಕ್ತು. ಎಲ್ಲಿ ಮುಗೀತು ಅನ್ನೋದಕ್ಕೆ ನೀನೊಬ್ಬನೇ. ಗಡಿಕಲ್ಲು ಕಿತ್ತುಹೋದ ಜಾಗದಲ್ಲಿ ನಾವೇನು ಮಾಡ್ತಿದ್ವಿ ಗೊತ್ತಾ? ಆ ಕಲ್ಲನ್ನ ಕಣ್ಣಾರೆ ಕಂಡೋರು ಊರಲ್ಲಿ ಯಾರಾದ್ರೂ ಬದುಕಿದಾರಾ ಅಂತ ಹುಡುಕ್ತಿದ್ವಿ. ಕರ್ಕೊಂಡು ಬಂದು ನಿಲ್ಸಿ, ಎಲ್ಲಿತ್ತಜ್ಜ ಅಂತ ಕೇಳ್ತಿದ್ವಿ. ಅವನು ಕೋಲಲ್ಲಿ ತೋರಿಸಿದ್ದನ್ನ ಬರ್ಕೊಂಡು ಸಹಿ ಹಾಕಿಸ್ತಿದ್ವಿ. ಕೋರ್ಟೂ ಒಪ್ಪುತ್ತೆ.”

“ಕಲ್ಲು ಕಿತ್ತೋನೇ ಸಾಕ್ಷಿ ಹೇಳಿದ್ರೆ?”

“ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?” ವೆಂಡೆಲ್ ಹಾಳೆಯನ್ನು ಮತ್ತೆ ಬಿಚ್ಚಿ ಪೆನ್ಸಿಲ್ ಮುಂದೆ ಹಿಡಿದ. “ನಾನು ಬರೆಯಲ್ಲ. ನೀನು ಎಳಿ. ಎಡಗೈಲೇ ಎಳಿ.”

“ಶನಿವಾರ ಎಲ್ಲರೆದುರು ಹೇಳ್ಬೇಕಾಗುತ್ತಲ್ಲ.”

“ಹೇಳ್ಬೇಕು. ಅಷ್ಟೂ ಜನರ ಎದುರು, ನಾನೇ ಕೆರೆದೆ ಅಂತ. ಆಗಲ್ಲ ಅಂದ್ರೆ ಈಗ್ಲೇ ಹೇಳು. ಪೈ ತಿಂದು ಮನೆಗೆ ಹೋಗ್ತೀನಿ.”

ಅರ್ಮಾಂಡ್ ಪೆನ್ಸಿಲ್ ತೆಗೆದುಕೊಂಡ. ಅಂಚಿನ ಆ ಎರಡು ಹಲ್ಲುಗಳ ನಡುವಿನಿಂದ ಹೊರಟು, ಬಿಳಿ ಬಯಲನ್ನು ದಾಟಿ, ಗಂಟಲು ಮುಟ್ಟುವ ಮೊದಲು ಚೂರು ಕೆಳಕ್ಕೆ ಬಾಗುವ ಗೆರೆಯನ್ನು ಎಳೆದ. ಕೈ ಅದನ್ನು ಮರೆತಿರಲಿಲ್ಲ. ವೆಂಡೆಲ್ ಅದನ್ನು ರಬ್ಬರಿನಿಂದ ಅಲ್ಲಲ್ಲಿ ಒರೆಸಿ ಚುಕ್ಕಿಗೆರೆ ಮಾಡಿದ. ಇಲ್ಲವಾದ ಗಡಿಯನ್ನು ಭೂಮಾಪಕರು ತೋರಿಸುವುದು ಹಾಗೆ.

ವೂಸ್ಟರಿನ ಸಭೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯಿತು. ಮೂವತ್ತೆಂಟು ಜನ ಇದ್ದರು. ವೆಂಡೆಲ್ ಮಾತಾಡುವಾಗ ಹಿಂದಿನ ಸಾಲಿನಿಂದ ಯಾರೂ ಕಾಫಿಗೆ ಏಳಲಿಲ್ಲ. ಅವನು ನಾಣ್ಯದ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, “ಮುಂದಿನದು ಇವನು ಹೇಳ್ತಾನೆ,” ಎಂದು ಕೂತುಬಿಟ್ಟ. ಅರ್ಮಾಂಡ್ ಎದ್ದು ನಾಲ್ಕು ನಿಮಿಷ ಮಾತಾಡಿದ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪುಸ್ತಕ ತಿದ್ದುವವರಲ್ಲಿ ಒಬ್ಬರು, ಕನ್ನಡಕ ಒರೆಸಿಕೊಳ್ಳುತ್ತ, “ನಮ್ಮ ಕೈಗೆ ಬಂದಿರೋದು ಅರ್ಧ ಎಳ್ಳಿನಷ್ಟು ಗೆರೆ, ಮತ್ತೆ ಅದನ್ನ ಹಾಳು ಮಾಡಿದವರ ಮಾತು. ‘ಬಿ ಮೊದಲು’ ಅಂತ ಹಾಕ್ತೀವಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತೆ,” ಎಂದರು.

“ಇಪ್ಪತ್ತೈದು ವರ್ಷದಿಂದ ಅದೂ ಇರ್ಲಿಲ್ಲ,” ಎಂದ ವೆಂಡೆಲ್.

ಲೋವೆಲ್‌ನಿಂದ ಬಂದಿದ್ದ ಒಬ್ಬ ತನ್ನ ಡಬ್ಬಿಯನ್ನು ಮುಚ್ಚಿ, “ನನಗೆ ನೀನು ಅಸಲಿ ಅಂತ ಬರೆದುಕೊಟ್ಟದ್ದನ್ನೆಲ್ಲ ಇನ್ನೊಂದ್ಸಲ ನೋಡ್ಬೇಕು ಹಾಗಾದ್ರೆ,” ಎಂದು ಅರ್ಮಾಂಡನಿಗೆ ಕೈ ಕೊಡದೆ ಹೊರಟುಹೋದ. ಉಳಿದವರು ಸಾಲುಗಟ್ಟಿ ನಾಣ್ಯ ನೋಡಿದರು. ಒಬ್ಬೊಬ್ಬರೂ ಕತ್ತಿನ ಮುಂದಿನ ಬಯಲನ್ನು ಬೆಳಕಿಗೆ ವಾಲಿಸಿ, ಮತ್ತೆ ವಾಲಿಸಿ, ತಲೆಯಾಡಿಸಿದರು. “ಎಲ್ಲಿತ್ತು ಅದು?” ಎಂದು ಒಬ್ಬಳು ಕೇಳಿದಾಗ ಅರ್ಮಾಂಡನ ಕಿವಿ ಬಿಸಿಯಾಯಿತು. ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಬರೀ ನಾಚಿಕೆಯಲ್ಲ. ಒಂದು ಗಳಿಗೆ ಕಾಲ ಕೆಳಗೆ ನೆಲ ನಡುಗಿ, ಉಳಿ ಹಿಡಿದ ಕೈ ಮೇಲೇರಿದಂತೆ ಅನಿಸಿತು.

ಎಲ್ಲರೂ ಕುರ್ಚಿ ಮಡಿಸುತ್ತಿದ್ದಾಗ ವೆಂಡೆಲ್ ಲಕೋಟೆಯ ಜೊತೆ ಇನ್ನೊಂದು ಖಾಲಿ ಚೀಟಿಯನ್ನು ತಂದಿಟ್ಟ. ನಾಣ್ಯ ಕೈ ಬದಲಾಯಿಸಿದಾಗ ಹಳೆಯ ಒಡೆಯನ ಚೀಟಿಯನ್ನು ಎಸೆಯುವುದಿಲ್ಲ, ಹೊಸದನ್ನು ಅದರ ಹಿಂದೆ ಸೇರಿಸುತ್ತಾರೆ. ಒಳ್ಳೆಯ ನಾಣ್ಯದ ಜೊತೆ ಇಂಥ ಆರೇಳು ಚೀಟಿ ಇರುತ್ತವೆ. ಈ ನಾಣ್ಯಕ್ಕೆ ವೆಂಡೆಲನದು ಒಂದೇ ಇತ್ತು.

“ಬರಿ,” ಎಂದ.

“ಇದು ಯಾವತ್ತೂ ನನ್ನದಾಗಿರ್ಲಿಲ್ಲ.”

“ಮೂರು ಗಂಟೆ ಇಟ್ಕೊಂಡಿದ್ಯಲ್ಲ? ನನ್ನ ಹತ್ರ ಇರೋದೂ ಎರಡು-ಮೂರು ವಾರದಿಂದ ಅಷ್ಟೇ. ಬೇಗ ಬರಿ, ನಿನ್ನ ಹೆಂಡ್ತಿ ಮಿಕ್ಕ ಪೈ ಕಟ್ಟಿ ಕೊಟ್ಟಿದಾಳೆ, ಕಾರಲ್ಲಿದೆ.”

ಅರ್ಮಾಂಡ್ ಎಡಗೈಯಲ್ಲಿ ಪೆನ್ನು ಹಿಡಿದ. ಮೊದಲು ‘ಮಿಸೆಸ್ ಕ್ರ್ಯಾಂಡಲ್’ ಎಂದು ಬರೆದು, ಅವಳ ತಾಯಿಯ ಹೆಸರು ಗೊತ್ತಿಲ್ಲದ್ದರಿಂದ ‘ಮತ್ತು ಅವರ ತಾಯಿ’ ಎಂದು ಸೇರಿಸಿದ. ಅದರ ಕೆಳಗೆ ತನ್ನ ಹೆಸರು, ಜೂನ್ 1949, ನೈಬರ್ಗನ ಅಂಗಡಿ. ಕೊನೆಯ ಸಾಲಿಗೆ ಸ್ವಲ್ಪ ಹೊತ್ತು ಹಿಡಿಯಿತು: ‘ಅಂಚಿನಿಂದ ಗಂಟಲಿನವರೆಗೆ ಗೆರೆ ಇತ್ತು. ನಾನು ಕಂಡಿದ್ದೇನೆ.’